ತೀರಿಹೋದ ಗಂಡನ ಸಿಮ್, ಹೆಂಡತಿಯ ಹೆಸರಿನ ಸಾಲ: ಒಂದು ಪ್ರಕರಣ ಅಧ್ಯಯನ

ಸಾಲದ ತಕರಾರಿನಲ್ಲಿ ಸಿಕ್ಕಿಕೊಂಡವರಿಗೆ ಅರ್ಜಿ ಬರೆದುಕೊಡುವುದು, ಕಾಗದ ಜೋಡಿಸಿಕೊಡುವುದು ನನ್ನ ಕೆಲಸ. ಈ ಪ್ರಕರಣವನ್ನು ಬರೆಯಲು ಸಂಬಂಧಪಟ್ಟ ಮಹಿಳೆ ಒಪ್ಪಿದ್ದಾರೆ. ಊರು, ಉದ್ಯೋಗದ ವಿವರ, ಕೆಲವು ಗುರುತುಗಳನ್ನು ಬದಲಿಸಿದ್ದೇನೆ. ಸಾಲ ಕೊಟ್ಟ ಸಂಸ್ಥೆಗಳ ಹೆಸರು ಹೇಳುವುದಿಲ್ಲ. ಆ ಮಹಿಳೆಯನ್ನು ಇಲ್ಲಿ ಟೀಚರ್ ಎಂದಷ್ಟೇ ಕರೆಯುತ್ತೇನೆ.

ಇಂಥ ವಿಷಯ ಬಂದಾಗಲೆಲ್ಲ ನಾವು ಕೇಳುವ ಬುದ್ಧಿಮಾತು ಒಂದೇ: ಓಟಿಪಿ ಯಾರಿಗೂ ಹೇಳಬೇಡಿ. ಟೀಚರ್ ಯಾರಿಗೂ ಓಟಿಪಿ ಹೇಳಿರಲಿಲ್ಲ. ಯಾವ ಲಿಂಕನ್ನೂ ಒತ್ತಿರಲಿಲ್ಲ, ಯಾವ ಆ್ಯಪನ್ನೂ ಇಳಿಸಿಕೊಂಡಿರಲಿಲ್ಲ. ಆದರೂ ಅವರ ಹೆಸರಿನಲ್ಲಿ ಎರಡು ಸಾಲಗಳು ಹುಟ್ಟಿ, ಒಂದಷ್ಟು ಕಂತು ಕಟ್ಟಿಸಿಕೊಂಡು, ಬಾಕಿಯಾಗಿ ನಿಂತಿದ್ದವು. ಅದು ಅವರಿಗೆ ತಿಳಿದದ್ದು ವರ್ಷ ಕಳೆದ ಮೇಲೆ.

ಹಿನ್ನೆಲೆ

ಟೀಚರ್ ಸರ್ಕಾರಿ ಪ್ರಾಥಮಿಕ ಶಾಲೆಯವರು, ಐವತ್ತರ ಆಸುಪಾಸು. ತಾಲೂಕು ಕೇಂದ್ರದಲ್ಲಿ ಸ್ವಂತ ಮನೆ, ಹಳ್ಳಿಯಲ್ಲಿ ಸ್ವಲ್ಪ ತೋಟ. ಗಂಡ ಖಾಸಗಿ ಕಂಪನಿಯೊಂದರಲ್ಲಿದ್ದರು. ಈ ಪ್ರಕರಣ ನನ್ನ ಬಳಿ ಬರುವ ಎರಡು ವರ್ಷ ಮೊದಲು ಹೃದಯಾಘಾತದಿಂದ ತೀರಿಕೊಂಡರು. ಮನೆಯ ವ್ಯವಹಾರವೆಲ್ಲ ಅವರ ಕೈಯಲ್ಲೇ ಇತ್ತು. ಆಧಾರ್ ಬಂದ ಹೊಸದರಲ್ಲಿ ಮನೆಮಂದಿಯನ್ನೆಲ್ಲ ಕರೆದುಕೊಂಡು ಹೋಗಿ ಮಾಡಿಸಿದವರೂ ಅವರೇ. ಎಲ್ಲರ ಆಧಾರಿಗೂ ತಮ್ಮ ಮೊಬೈಲ್ ನಂಬರನ್ನೇ ಕೊಟ್ಟಿದ್ದರು. ಆಗ ಹೆಚ್ಚಿನ ಮನೆಗಳಲ್ಲಿ ಹಾಗೆಯೇ ಆಗಿದ್ದು, ಇವತ್ತಿಗೂ ಎಷ್ಟೋ ಮನೆಗಳಲ್ಲಿ ಅದು ಹಾಗೆಯೇ ಇದೆ.

ಗಂಡ ಹೋದ ಮೇಲೆ ಪಿಎಫ್ ಹಣ, ವಿಮೆ, ತೋಟದ ಪೌತಿ ಖಾತೆ ಎಂದು ಕಚೇರಿ ಅಲೆದಾಟ ಶುರುವಾಯಿತು. ಟೀಚರಿಗೆ ಶಾಲೆ ಬಿಡುವಂತಿಲ್ಲ, ಮಗಳು ಪಿಯುಸಿಯಲ್ಲಿದ್ದಳು. ಮುಂದೆ ನಿಂತು ಓಡಾಡಿದವನು ನಾದಿನಿಯ ಮಗ, ಇಪ್ಪತ್ತೈದು ವರ್ಷದೊಳಗಿನ ಹುಡುಗ. ಬೆಂಗಳೂರಿನಲ್ಲಿ ಸಣ್ಣ ಕೆಲಸದಲ್ಲಿದ್ದ. ಚುರುಕು, ಆನ್‌ಲೈನ್ ಕೆಲಸವೆಲ್ಲ ಗೊತ್ತು. ಟೀಚರಿನ ಆಧಾರ್, ಪ್ಯಾನ್, ಪಾಸ್‌ಪೋರ್ಟ್ ಸೈಜ್ ಫೋಟೊ, ಸಂಬಳದ ಚೀಟಿ ಎಲ್ಲವೂ ಅವನ ಕೈಗೆ ಹೋದವು. "ಓಟಿಪಿ ಎಲ್ಲ ಮಾವನ ನಂಬರಿಗೇ ಬರುತ್ತೆ ಅತ್ತೆ, ಫೋನ್ ನನ್ನ ಹತ್ತಿರಾನೇ ಇರಲಿ" ಎಂದ. ಅದರಲ್ಲಿ ಅನುಮಾನಪಡುವಂಥದ್ದು ಏನೂ ಇರಲಿಲ್ಲ. ಕೆಲಸವನ್ನೂ ಅವನು ಸರಿಯಾಗಿಯೇ ಮುಗಿಸಿಕೊಟ್ಟ. ಪಿಎಫ್ ಹಣ ಪೂರ್ತಿಯಾಗಿ ಟೀಚರಿನ ಖಾತೆಗೆ ಬಂತು. ಫೋನ್ ಮಾತ್ರ ಅವನ ಹತ್ತಿರವೇ ಉಳಿಯಿತು. ಸಿಮ್‌ಗೆ ಯಾರೋ ರೀಚಾರ್ಜ್ ಮಾಡಿಸುತ್ತಲೇ ಇದ್ದರು ಎಂಬುದನ್ನು ಯಾರೂ ಗಮನಿಸಲಿಲ್ಲ.

ಸಮಸ್ಯೆ ಎದುರಾದದ್ದು

ಮಗಳಿಗೆ ಸಿಇಟಿಯಲ್ಲಿ ಇಂಜಿನಿಯರಿಂಗ್ ಸೀಟು ಸಿಕ್ಕಿತು. ಶಿಕ್ಷಣ ಸಾಲ 7.5 ಲಕ್ಷ ರೂಪಾಯಿಯವರೆಗೆ ಆಸ್ತಿ ಅಡಮಾನವಿಲ್ಲದೆ ಸಿಗುತ್ತದೆ. ಆದರೆ ಹೆತ್ತವರಲ್ಲಿ ಒಬ್ಬರು ಜಂಟಿ ಸಾಲಗಾರರಾಗಿ ಸಹಿ ಹಾಕಬೇಕು, ಅಂದರೆ ಅವರ ಸಿಬಿಲ್, ಹಿಂದಿನ ಸಾಲಗಳ ವರದಿ, ನೋಡುತ್ತಾರೆ. ಸಂಬಳದ ಖಾತೆ ಇರುವ ಬ್ಯಾಂಕೇ ಆದ್ದರಿಂದ ಟೀಚರ್ ನಿಶ್ಚಿಂತೆಯಿಂದ ಹೋಗಿದ್ದರು.

"ಟೀಚರ್, ನಿಮ್ಮ ಹೆಸರಲ್ಲಿ ಎರಡು ಸಾಲ ಬಾಕಿ ತೋರಿಸ್ತಾ ಇದೆಯಲ್ಲ?" ಎಂದು ಮ್ಯಾನೇಜರ್ ಕೇಳಿದರು.

"ಸೊಸೈಟಿ ಸಾಲ ಬಿಟ್ಟರೆ ನಾನು ಬೇರೆ ಸಾಲವೇ ಮಾಡಿಲ್ಲ ಸರ್. ಅದೂ ತೀರಿಹೋಗಿದೆ."

ಒಂದು, ಅಂಗಡಿಯಲ್ಲಿ ಕಂತಿನ ಮೇಲೆ ಕೊಂಡ ಮೊಬೈಲ್ ಫೋನಿನ ಸಾಲ. ವಸೂಲಾಗದೆ 'ರಿಟನ್ ಆಫ್' ಎಂದು ಬರೆಯಲಾಗಿತ್ತು. ಇನ್ನೊಂದು, ಆ್ಯಪ್ ಮೂಲಕ ಎನ್‌ಬಿಎಫ್‌ಸಿಯೊಂದರಿಂದ (ಬ್ಯಾಂಕಲ್ಲದ ಹಣಕಾಸು ಸಂಸ್ಥೆ) ಪಡೆದ ವೈಯಕ್ತಿಕ ಸಾಲ, 90 ದಿನಕ್ಕೂ ಮೀರಿ ಬಾಕಿ. ಇಷ್ಟು ದಿನ ಒಂದು ವಸೂಲಿ ಕರೆಯೂ ಬಂದಿಲ್ಲವಲ್ಲ ಎಂಬುದು ಟೀಚರ್ ಪದೇ ಪದೇ ಹೇಳಿದ ಮಾತು. ಮ್ಯಾನೇಜರ್ ಅದನ್ನು ನಂಬಿದರೋ ಇಲ್ಲವೋ ಗೊತ್ತಿಲ್ಲ, ಕಡತವನ್ನಂತೂ ಪಕ್ಕಕ್ಕಿಟ್ಟರು. ಕಾಲೇಜಿಗೆ ಶುಲ್ಕ ಕಟ್ಟುವ ಕೊನೆಯ ದಿನ ಹತ್ತಿರದಲ್ಲೇ ಇತ್ತು.

ಮೊದಲು ಮಾಡಿದ ಪ್ರಯತ್ನಗಳು

ನನ್ನ ಬಳಿ ಬರುವ ಮುನ್ನ ಟೀಚರ್ ಎರಡೂ ಸಂಸ್ಥೆಗಳ ಕಸ್ಟಮರ್ ಕೇರ್‌ಗೆ ಕರೆ ಮಾಡಿದ್ದರು. ಎರಡೂ ಕಡೆ ಒಂದೇ ಪಾಡು. ಇವರು "ನಾನು ಸಾಲ ತಗೊಂಡಿಲ್ಲ" ಎನ್ನುವುದು, ಅವರು "ಸಿಸ್ಟಮ್‌ನಲ್ಲಿ ನಿಮ್ಮ ಹೆಸರೇ ಇದೆ ಮೇಡಂ" ಎನ್ನುವುದು. ಆ್ಯಪ್ ಸಾಲದವರು ಒಂದು ಹೆಜ್ಜೆ ಮುಂದೆ ಹೋಗಿ ಸೆಟಲ್‌ಮೆಂಟ್ ಆಸೆ ತೋರಿಸಿದರು: ಇಂತಿಷ್ಟು ಕಟ್ಟಿ, ಎನ್‌ಒಸಿ (ಇನ್ನು ಬಾಕಿಯಿಲ್ಲ ಎಂಬ ಪತ್ರ) ಕೊಡುತ್ತೇವೆ, ಸಿಬಿಲ್ ಸರಿಹೋಗುತ್ತದೆ.

ಮೊತ್ತ ದೊಡ್ಡದಲ್ಲ. ಟೀಚರಿನ ಕೈಯಲ್ಲಿ ಹಣವೂ ಇತ್ತು. ಕಟ್ಟಿಬಿಟ್ಟರೆ ಮಗಳ ಸಾಲ ಮಂಜೂರಾಗುತ್ತದೆ ಎಂಬ ಲೆಕ್ಕಾಚಾರದಲ್ಲೇ ಅವರು ಬಂದದ್ದು. ನನ್ನಿಂದ ಬೇಕಿದ್ದುದು ಎನ್‌ಒಸಿ ಪತ್ರ ಹೇಗಿರಬೇಕು ಎಂಬ ಸಲಹೆ ಅಷ್ಟೇ.

ನಾನು ತಡೆದೆ. ಸೆಟಲ್ ಆದ ಸಾಲ ವರದಿಯಿಂದ ಮಾಯವಾಗುವುದಿಲ್ಲ, 'ಸೆಟಲ್ಡ್' ಎಂದು ಬರೆದುಕೊಂಡು ಅಲ್ಲೇ ಕೂರುತ್ತದೆ. ಮುಂದೆ ನೋಡುವ ಬ್ಯಾಂಕಿಗೆ ಅದು 'ಪೂರ್ತಿ ಕಟ್ಟಲಾಗದೆ ಚೌಕಾಸಿ ಮಾಡಿದವರು' ಎಂದೇ ಕಾಣುವುದು. ಪೂರ್ತಿ ಕಟ್ಟಿ ಮುಚ್ಚಿದರೂ ಕಂತು ತಪ್ಪಿದ ತಿಂಗಳುಗಳ ದಾಖಲೆ ಉಳಿಯುತ್ತದೆ. ಅದಕ್ಕಿಂತ ಮುಖ್ಯವಾದದ್ದು: ಹಣ ಕಟ್ಟಿದವರು ನಾಳೆ "ಸಾಲ ನನ್ನದಲ್ಲ" ಎಂದರೆ ಕೇಳುವವರಾರು? ಸಾಲ ತೀರುವುದು ಬೇರೆ, ಹೆಸರು ತೊಳೆದುಕೊಳ್ಳುವುದು ಬೇರೆ. ಅವಸರದಲ್ಲಿರುವವರಿಗೆ ಎರಡೂ ಒಂದೇ ಅನ್ನಿಸುತ್ತದೆ; ವಸೂಲಿಯವರು ಅದನ್ನು ಚೆನ್ನಾಗಿ ಬಲ್ಲರು.

ಹಾಗಾದರೆ ಅವಸರವನ್ನೇ ಮೊದಲು ಬಗೆಹರಿಸಬೇಕು. ಮಗಳ ಸೋದರಮಾವ, ಅಂದರೆ ಟೀಚರಿನ ತಮ್ಮ, ಜಂಟಿ ಸಾಲಗಾರರಾಗಲು ಒಪ್ಪುವರೇ ಎಂದು ಕೇಳಿಸಿದೆವು. ಅವರು ಒಪ್ಪಿದರು. ಬ್ಯಾಂಕು ಮೊದಲು ತಕರಾರು ತೆಗೆದರೂ ತಾಯಿಯ ಲಿಖಿತ ವಿವರಣೆ ಇಟ್ಟುಕೊಂಡು ಒಪ್ಪಿತು. ಎಲ್ಲ ಬ್ಯಾಂಕೂ ಒಪ್ಪುತ್ತದೆ ಎಂದು ಹೇಳಲಾರೆ. ಆದರೆ ಶುಲ್ಕದ ಗಡುವು ತಲೆಯ ಮೇಲಿಂದ ಇಳಿದದ್ದೇ ತಡ, ಟೀಚರ್ ಯೋಚಿಸುವ ರೀತಿಯೇ ಬದಲಾಯಿತು. ಕಟ್ಟಿಬಿಡೋಣ ಎಂಬ ಮಾತು ಆಮೇಲೆ ಅವರಿಂದ ಬರಲಿಲ್ಲ.

ವರದಿಯ ಕೆಳಗಿನ ಪುಟ

ಬ್ಯಾಂಕಿನವರು ನೋಡಿದ್ದು ಒಂದು ಸಂಸ್ಥೆಯ ವರದಿ. ನಮ್ಮಲ್ಲಿ ಸಾಲದ ಮಾಹಿತಿ ಸಂಸ್ಥೆಗಳು ನಾಲ್ಕಿವೆ: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಇಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈ ಮಾರ್ಕ್. 2017ರ ಜನವರಿಯಿಂದ ನಾಲ್ಕರಲ್ಲಿ ಪ್ರತಿಯೊಂದೂ ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕು ಎಂಬುದು ರಿಸರ್ವ್ ಬ್ಯಾಂಕಿನ ನಿಯಮ. ನಾಲ್ಕನ್ನೂ ತೆಗೆಸಿದೆವು. ಎರಡು ಸಾಲ ನಾಲ್ಕರಲ್ಲೂ ಇದ್ದವು. ಜೊತೆಗೆ, ಬೇರೆ ಬೇರೆ ಸಾಲದ ಆ್ಯಪ್‌ಗಳು ಇವರ ಹೆಸರಿನಲ್ಲಿ ವಿಚಾರಣೆ ಮಾಡಿ ಸಾಲ ಕೊಡದೆ ಬಿಟ್ಟ ಗುರುತುಗಳು ಒಂದೊಂದರಲ್ಲಿ ಒಂದೊಂದು ಬಗೆಯಲ್ಲಿ ಕಂಡವು.

ಜನ ಸಾಮಾನ್ಯವಾಗಿ ವರದಿಯಲ್ಲಿ ನೋಡುವುದು ಅಂಕವನ್ನು, 300ರಿಂದ 900ರ ನಡುವಿನ ಆ ಸಂಖ್ಯೆಯನ್ನು. ಈ ಬಗೆಯ ಪ್ರಕರಣದಲ್ಲಿ ಅಂಕ ಏನೂ ಹೇಳುವುದಿಲ್ಲ. ನೋಡಬೇಕಾದದ್ದು ವೈಯಕ್ತಿಕ ವಿವರದ ಪುಟ. ಸಾಲ ಕೊಟ್ಟವರು ಕಳಿಸಿದ ವಿಳಾಸ, ಫೋನ್ ನಂಬರು, ಇಮೇಲ್ ಅಲ್ಲಿ ಸೇರಿಕೊಂಡಿರುತ್ತವೆ. ಟೀಚರಿನ ವರದಿಯಲ್ಲಿ ಬೆಂಗಳೂರಿನ ಒಂದು ಬಾಡಿಗೆ ಕೋಣೆಯ ವಿಳಾಸವಿತ್ತು, ಎರಡು ಫೋನ್ ನಂಬರುಗಳಿದ್ದವು. ಒಂದು ಅವರದೇ. ಇನ್ನೊಂದನ್ನು ನಾನು ಓದುತ್ತಾ ಹೋದೆ. ಕೊನೆಯ ಅಂಕಿಗಳನ್ನು ಅವರೇ ಹೇಳಿ ಮುಗಿಸಿದರು.

"ಅದು ನಮ್ಮನೆಯವರ ನಂಬರು."

"ಆ ಫೋನ್ ಈಗ ಎಲ್ಲಿದೆ ಟೀಚರ್?"

ಅವರು ಉತ್ತರಿಸಲಿಲ್ಲ. ಮಗಳು ಹೇಳಿದಳು: "ಭಾವನ ಹತ್ತಿರ ಇದೆಯಲ್ಲಮ್ಮ."

ವಸೂಲಿ ಕರೆಗಳು ಯಾಕೆ ಬರಲಿಲ್ಲ ಎಂಬುದಕ್ಕೆ ಅಲ್ಲೇ ಉತ್ತರ ಸಿಕ್ಕಿತು. ಕರೆಗಳು ಬಂದಿದ್ದವು, ಆ ನಂಬರಿಗೆ. ಆಧಾರಿನ ಓಟಿಪಿ ಹೋಗುತ್ತಿದ್ದುದೂ ಅಲ್ಲಿಗೇ.

ದೂರು ಕೊಡಬೇಕೇ, ಬೇಡವೇ

ಈ ಪ್ರಕರಣದಲ್ಲಿ ಕಷ್ಟದ ಘಟ್ಟ ಇದು, ಕಾನೂನಿನದಲ್ಲ. ವಿಷಯ ಮನೆಯೊಳಗೆ ಹಬ್ಬಿ ನಾದಿನಿ ಬಂದು ಕೂತರು. "ಅತ್ತಿಗೆ, ಹುಡುಗ ತಪ್ಪು ಮಾಡಿದ್ದಾನೆ, ಇಲ್ಲ ಅನ್ನಲ್ಲ. ಎಷ್ಟಾಗುತ್ತೋ ಅಷ್ಟನ್ನ ನಾವೇ ಕಟ್ಟಿಬಿಡ್ತೀವಿ. ಪೊಲೀಸು ಗಿಲೀಸು ಅಂತ ಹೋಗಬೇಡಿ, ನಾಳೆ ಅವನಿಗೆ ಹೆಣ್ಣು ಕೊಡೋರು ಯಾರು?"

ಮೇಲ್ನೋಟಕ್ಕೆ ನ್ಯಾಯವಾದ ಮಾತು. ಮಾಡಿದವನೇ ಕಟ್ಟುತ್ತಾನೆ, ಟೀಚರಿಗೆ ನಯಾಪೈಸೆ ನಷ್ಟವಿಲ್ಲ. ಆದರೆ ಅವನು ಕಟ್ಟುವುದು ಯಾರ ಹೆಸರಿನಲ್ಲಿ? ಸಾಲದ ಖಾತೆ ಇರುವುದು ಟೀಚರಿನ ಹೆಸರಿನಲ್ಲಿ. ಅವನು ಕಟ್ಟಿದ ಪ್ರತಿ ರೂಪಾಯಿಯೂ ಅವರೇ ಕಟ್ಟಿದಂತೆ ದಾಖಲಾಗುತ್ತದೆ. 'ರಿಟನ್ ಆಫ್' ಎಂಬುದು 'ಸೆಟಲ್ಡ್' ಆಗುತ್ತದೆ, ಅಷ್ಟೇ.

ಟೀಚರ್ ಕೇಳಿದ ಪ್ರಶ್ನೆ ನೇರವಾಗಿತ್ತು: ದೂರು ಕೊಟ್ಟರೆ ಹುಡುಗ ಜೈಲಿಗೆ ಹೋಗುತ್ತಾನಾ? ವಕೀಲರೊಬ್ಬರ ಬಳಿ ಕಳಿಸಿದೆ. ಅಲ್ಲಿ ತಿಳಿದದ್ದು ಇಷ್ಟು. ಬೇರೆಯವರ ಎಲೆಕ್ಟ್ರಾನಿಕ್ ಸಹಿ, ಪಾಸ್‌ವರ್ಡ್, ಗುರುತನ್ನು ಮೋಸದಿಂದ ಬಳಸುವುದು 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ಕಲಮಿನಡಿ ಅಪರಾಧ. ಮೂರು ವರ್ಷದವರೆಗೆ ಸಜೆ, ಒಂದು ಲಕ್ಷ ರೂಪಾಯಿವರೆಗೆ ದಂಡ. ಬೇರೆಯವರಂತೆ ನಟಿಸಿ ಕಂಪ್ಯೂಟರ್ ಮೂಲಕ ವಂಚಿಸುವುದಕ್ಕೆ 66ಡಿ. ಈ ಎರಡು ಕಲಮುಗಳ ಮಟ್ಟಿಗೆ ಜಾಮೀನು ಸಿಗುತ್ತದೆ, ನ್ಯಾಯಾಲಯದ ಒಪ್ಪಿಗೆಯಿದ್ದರೆ ಮುಂದೆ ರಾಜಿಗೂ ದಾರಿಯಿದೆ. ವಂಚನೆಯ ಬೇರೆ ಕಲಮು ಸೇರಿದರೆ ಕಥೆ ಬೇರೆ, ಅದು ಪೊಲೀಸರ ತೀರ್ಮಾನ.

ರಾಜಿ ಮಾಡಿಕೊಳ್ಳುವುದೇ ಆದರೆ ದೂರಿನ ನಂತರವೂ ಮಾಡಿಕೊಳ್ಳಬಹುದು. ದೂರಿಗೆ ಮೊದಲೇ ರಾಜಿಯಾದರೆ ಟೀಚರಿನ ಕೈಯಲ್ಲಿ ಒಂದು ಕಾಗದವೂ ಉಳಿಯುವುದಿಲ್ಲ. ಅವರು ಒಂದು ವಾರ ತೆಗೆದುಕೊಂಡರು. ಕೊನೆಗೆ ಒಪ್ಪಿದ್ದು ಒಂದು ಷರತ್ತಿನ ಮೇಲೆ: ದೂರಿನಲ್ಲಿ ಹುಡುಗನನ್ನು ಕಳ್ಳ ಎಂದು ತಾವು ಬರೆಯುವುದಿಲ್ಲ. ಅದು ಒಳ್ಳೆಯ ಷರತ್ತೇ ಆಗಿತ್ತು. ದೂರಿನಲ್ಲಿ ತನಗೆ ಗೊತ್ತಿರುವುದನ್ನಷ್ಟೇ ಬರೆಯಬೇಕು. ಈ ಸಿಮ್ ನನ್ನ ಗಂಡನ ಹೆಸರಿನದು, ಅವರು ಇಂಥ ದಿನ ತೀರಿಕೊಂಡಿದ್ದಾರೆ, ಆ ನಂತರ ಫೋನ್ ಇಂಥವರ ವಶದಲ್ಲಿದೆ, ಸಾಲಗಳು ನನ್ನವಲ್ಲ. ಊಹೆಯನ್ನು ತನಿಖೆಯವರಿಗೆ ಬಿಡಬೇಕು.

ಊರಿನ ಠಾಣೆಯಲ್ಲಿ "ಇದು ಮನೆ ವ್ಯವಹಾರ, ಕೂತು ಮಾತಾಡಿಕೊಳ್ಳಿ" ಎಂದರು. ಐಟಿ ಕಾಯ್ದೆಯ ಅಪರಾಧಗಳ ತನಿಖೆಯನ್ನು ಇನ್‌ಸ್ಪೆಕ್ಟರ್ ದರ್ಜೆಗಿಂತ ಕೆಳಗಿನವರು ಮಾಡುವಂತಿಲ್ಲವಾದ್ದರಿಂದ ಜಿಲ್ಲಾ ಕೇಂದ್ರದ ಸಿಇಎನ್ ಠಾಣೆಗೆ, ಅಂದರೆ ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ ಠಾಣೆಗೆ, ಹೋಗುವುದೇ ಸರಿಯಾಯಿತು. ಅದಕ್ಕೂ ಮೊದಲು ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ದಾಖಲಿಸಿ ಸ್ವೀಕೃತಿ ಸಂಖ್ಯೆ ತೆಗೆದುಕೊಂಡಿದ್ದೆವು. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ ಎಂದು ಹಲವರು ಹೇಳಿದ್ದರು. ಆ ಸಹಾಯವಾಣಿಯ ಬಲ ಇರುವುದು ಆಗತಾನೇ ಹೋದ ಹಣವನ್ನು ದಾರಿಯಲ್ಲೇ ತಡೆಯುವುದರಲ್ಲಿ. ವರ್ಷದ ಹಿಂದೆ ಖರ್ಚಾದ ಹಣಕ್ಕೆ ಅದರಿಂದ ಹೆಚ್ಚೇನೂ ಆಗದು.

ಮೊದಲ ಸಾಲ: ಪಿನ್ನಿನ ಗುರುತು

ಎರಡೂ ಸಂಸ್ಥೆಗಳಿಗೆ ಬರೆದ ಪತ್ರದಲ್ಲಿ "ದಯವಿಟ್ಟು ನನ್ನ ಹೆಸರು ತೆಗೆಯಿರಿ" ಎಂಬ ವಾಕ್ಯವೇ ಇರಲಿಲ್ಲ. ನನ್ನ ಅನುಭವದಲ್ಲಿ ಆ ವಾಕ್ಯಕ್ಕೆ ಸಿದ್ಧ ಉತ್ತರವೊಂದು ಇದ್ದೇ ಇರುತ್ತದೆ. ಬದಲಿಗೆ ಹೀಗೆ ಬರೆದೆವು: ಈ ಖಾತೆ ನನ್ನದಲ್ಲ ಎಂಬುದು ನನ್ನ ವಾದ. ನನ್ನದೇ ಎಂಬುದು ನಿಮ್ಮ ವಾದವಾದರೆ, ಸಾಲಗಾರ್ತಿಗೆ ಕೊಡಬೇಕಾದ ಕಾಗದಗಳನ್ನು ನನಗೆ ಕೊಡಿ. ಸಾಲದ ಒಪ್ಪಂದದ ಪ್ರತಿ, ಅರ್ಜಿಯಲ್ಲಿದ್ದ ಫೋಟೊ, ಫೋನ್ ನಂಬರು, ಹಣ ಜಮೆಯಾದ ಖಾತೆ, ಸಹಿ ಮಾಡಿದ ವಿಧಾನ ಮತ್ತು ಸಮಯ.

ಒಪ್ಪಂದದ ಪ್ರತಿಯನ್ನು ಸಾಲಗಾರರಿಗೆ ಕೊಡಲೇಬೇಕು ಎಂಬುದು ಸಾಲ ಕೊಡುವವರು ಪಾಲಿಸಬೇಕಾದ ನಡಾವಳಿಯಲ್ಲಿದೆ. ಕೊಡುವುದಿಲ್ಲ ಎನ್ನಬೇಕಾದರೆ ಅವರು "ನೀವು ಸಾಲಗಾರ್ತಿಯಲ್ಲ" ಎನ್ನಬೇಕಾಗುತ್ತದೆ. ಹಾಗೆಂದರೆ ನಮ್ಮ ಕೆಲಸವೇ ಮುಗಿಯಿತು.

ಮೊಬೈಲ್ ಫೋನಿನ ಸಾಲ ಕೊಟ್ಟವರು ಕಡತ ಕಳಿಸಿದರು. ಇಂಥ ಸಾಲದಲ್ಲಿ ಹಣ ಸಾಲಗಾರರ ಖಾತೆಗೆ ಬರುವುದಿಲ್ಲ, ನೇರ ಅಂಗಡಿಗೆ ಹೋಗುತ್ತದೆ; ಹಾಗಾಗಿ ಕೌಂಟರಿನ ಮುಂದೆ ನಿಂತವರು ಯಾರು ಎಂಬುದೇ ಎಲ್ಲ. ಗ್ರಾಹಕರ ನೇರ ಫೋಟೊ ಎಂದು ಹೇಳಿದ್ದ ಚಿತ್ರದಲ್ಲಿ ಟೀಚರಿನ ಮುಖ ಇತ್ತು, ನಿಜ. ಆದರೆ ದೊಡ್ಡದು ಮಾಡಿ ನೋಡಿದಾಗ ಸುತ್ತ ಒಂದು ಬಿಳಿ ಅಂಚು, ಹಣೆಯ ಮೇಲ್ಭಾಗದಲ್ಲಿ ಸ್ಟೇಪ್ಲರ್ ಪಿನ್ ಚುಚ್ಚಿದ ಎರಡು ಸಣ್ಣ ತೂತು. ಫೋಟೊದ ಫೋಟೊ ಅದು. ಗಂಡನ ಪಿಎಫ್ ಅರ್ಜಿಗೆ ಕೊಟ್ಟಿದ್ದ ಪಾಸ್‌ಪೋರ್ಟ್ ಸೈಜಿನ ಚಿತ್ರ. ಅದೇ ಸೀರೆ, ಅದೇ ನೀಲಿ ಹಿನ್ನೆಲೆ. ಉಳಿದಿದ್ದ ಪ್ರತಿಯೊಂದನ್ನು ಟೀಚರ್ ಪರ್ಸಿನಿಂದ ತೆಗೆದು ಪಕ್ಕದಲ್ಲಿಟ್ಟರು.

ಅದರ ಮೇಲೆ ಹೆಚ್ಚು ವಾದ ಬೇಕಾಗಲಿಲ್ಲ. ಪರಿಶೀಲನೆ ಮಾಡಬೇಕಿದ್ದ ತಮ್ಮ ಪ್ರತಿನಿಧಿಯ ಲೋಪ ಎಂದು ಸಂಸ್ಥೆ ಲಿಖಿತವಾಗಿ ಒಪ್ಪದಿದ್ದರೂ, ಖಾತೆಯನ್ನು ಅವರ ಹೆಸರಿನಿಂದ ತೆಗೆಯಿತು.

ಎರಡನೆಯ ಸಾಲ: ಶತ್ರುವಿನ ಸುಳ್ಳೇ ನಮಗೆ ಆಸರೆ

ಆ್ಯಪ್ ಸಾಲದವರು ಹಾಗೆ ಬಗ್ಗಲಿಲ್ಲ. ತಿಂಗಳೊಳಗೆ ಉತ್ತರ ಬಂತು: ಆಧಾರ್ ಓಟಿಪಿ ಮೂಲಕ ಗುರುತು ದೃಢಪಟ್ಟಿದೆ, ಒಪ್ಪಂದಕ್ಕೆ ಆಧಾರ್ ಇ-ಸೈನ್ (ಎಲೆಕ್ಟ್ರಾನಿಕ್ ಸಹಿ) ಆಗಿದೆ, ಹಣ ಸಾಲಗಾರ್ತಿಯ ಹೆಸರಿನ ಉಳಿತಾಯ ಖಾತೆಗೇ ಹೋಗಿದೆ, ಮೂರು ಕಂತು ಅದೇ ಖಾತೆಯಿಂದ ಕಟ್ಟಲಾಗಿದೆ. ದೂರು ತಿರಸ್ಕರಿಸಲಾಗಿದೆ.

ಇಲ್ಲಿ ಸ್ವಲ್ಪ ನಿಯಮ ಹೇಳಬೇಕು. ಸಾಲದ ವರದಿಯ ತಪ್ಪನ್ನು 30 ದಿನದೊಳಗೆ ಸರಿಪಡಿಸದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಎಂಬ ನಿಯಮವನ್ನು ರಿಸರ್ವ್ ಬ್ಯಾಂಕು 2023ರ ಅಕ್ಟೋಬರಿನಲ್ಲಿ ಹೊರಡಿಸಿತು, ಆರು ತಿಂಗಳ ಬಳಿಕ ಅದು ಜಾರಿಗೆ ಬಂತು. ಆ 30ರಲ್ಲಿ ಸಾಲ ಕೊಟ್ಟವರಿಗೆ 21 ದಿನ. ಜನ ಇದನ್ನು ಕೇಳಿ ಹಿಗ್ಗುತ್ತಾರೆ. ಆದರೆ ಕಾರಣ ಕೊಟ್ಟು ತಿರಸ್ಕರಿಸಿದರೆ ಅದೂ ಒಂದು ಉತ್ತರವೇ. ಟೀಚರಿಗೆ ಈ ಪರಿಹಾರ ಬರಲಿಲ್ಲ. ಆದರೆ ಅದೇ ನಿಯಮದ ಕಾರಣಕ್ಕೆ ತಿರಸ್ಕಾರದ ಜೊತೆ ಕಾರಣವನ್ನೂ ಬರೆಯಬೇಕಾಯಿತು, ನಮಗೆ ಬೇಕಿದ್ದುದು ಆ ಕಾರಣವೇ.

"ಸಾಲಗಾರ್ತಿಯ ಹೆಸರಿನ ಉಳಿತಾಯ ಖಾತೆ." ಯಾವ ಬ್ಯಾಂಕು ಎಂದು ಪತ್ರದಲ್ಲಿತ್ತು, ಖಾತೆಯ ಕೊನೆಯ ನಾಲ್ಕು ಅಂಕಿಗಳೂ ಇದ್ದವು. ಆ ಬ್ಯಾಂಕಿನಲ್ಲಿ ಟೀಚರ್ ಎಂದೂ ಖಾತೆ ತೆರೆದವರಲ್ಲ. ಮುಖಾಮುಖಿ ಇಲ್ಲದೆ ಆಧಾರ್ ಓಟಿಪಿಯೊಂದರಿಂದಲೇ ಖಾತೆ ತೆರೆಯಲು ಅವಕಾಶವಿದೆ; ಅದಕ್ಕೆ ಮಿತಿಗಳೂ ಇವೆ. ಶಿಲ್ಕು ಒಂದು ಲಕ್ಷ ಮೀರುವಂತಿಲ್ಲ, ವರ್ಷದ ಒಟ್ಟು ಜಮೆ ಎರಡು ಲಕ್ಷ ಮೀರುವಂತಿಲ್ಲ, ಈ ದಾರಿಯಲ್ಲಿ ಕೊಡುವ ಸಾಲ ವರ್ಷಕ್ಕೆ 60,000 ರೂಪಾಯಿ ಮೀರುವಂತಿಲ್ಲ, ವರ್ಷದೊಳಗೆ ಪೂರ್ಣ ಪರಿಶೀಲನೆ ಆಗಬೇಕು. ಟೀಚರಿನ ಹೆಸರಿನ ಸಾಲ 60,000ದ ಒಳಗೇ ಇತ್ತು. ಯಾರೋ ದುರಾಸೆ ಕಡಿಮೆ ಮಾಡಿಕೊಂಡದ್ದಲ್ಲ, ಅಷ್ಟರವರೆಗೆ ಮಾತ್ರ ಯಾರೂ ಮುಖ ನೋಡುವುದಿಲ್ಲ.

ಖಾತೆ ಟೀಚರಿನ ಹೆಸರಿನಲ್ಲಿದೆ ಎಂದು ಸಾಲ ಕೊಟ್ಟವರೇ ಹೇಳುತ್ತಿದ್ದಾರೆ. ಹಾಗಿದ್ದ ಮೇಲೆ ಅದರ ಸ್ಟೇಟ್‌ಮೆಂಟ್ ಕೇಳುವ ಹಕ್ಕು ಇನ್ನಾರಿಗಿದೆ? ಟೀಚರ್ ಮೂಲ ಆಧಾರ್, ಪ್ಯಾನ್ ಹಿಡಿದು, ಪೊಲೀಸ್ ದೂರಿನ ಪ್ರತಿ ಲಗತ್ತಿಸಿ ಆ ಬ್ಯಾಂಕಿನ ಹತ್ತಿರದ ಶಾಖೆಗೆ ಹೋದರು. ಪತ್ರದ ಒಕ್ಕಣೆಯಲ್ಲಿ ಎಚ್ಚರ ವಹಿಸಿದ್ದೆವು: "ನನ್ನ ಖಾತೆಯ ಸ್ಟೇಟ್‌ಮೆಂಟ್" ಎಂದಲ್ಲ, "ನನ್ನ ಅರಿವಿಲ್ಲದೆ ನನ್ನ ಹೆಸರಿನಲ್ಲಿ ತೆರೆಯಲಾದ ಖಾತೆಯ ಸ್ಟೇಟ್‌ಮೆಂಟ್ ಕೊಡಿ, ಖಾತೆಯನ್ನು ಸ್ಥಗಿತಗೊಳಿಸಿ" ಎಂದು. ಶಾಖೆಯವರು ಮೇಲಿನ ಕಚೇರಿಯನ್ನು ಕೇಳಬೇಕು ಎಂದರು, ಓಡಾಡಿಸಿದರು, ಕೊನೆಗೆ ಕೊಟ್ಟರು.

ಎರಡು ಹಾಳೆ, ಅಷ್ಟೇ. ಸಾಲದ ಹಣ ಜಮೆಯಾದ ದಿನವೇ ಯುಪಿಐ ಮೂಲಕ ಹೊರಗೆ ಹೋಗಿತ್ತು. ಆಮೇಲೆ ಖಾತೆ ಖಾಲಿ. ಮೂರು ಕಂತುಗಳ ಹಿಂದಿನ ದಿನ ಮಾತ್ರ, ಮೂರು ಬಾರಿಯೂ, ಕಂತಿನಷ್ಟೇ ಮೊತ್ತ ಒಬ್ಬರಿಂದ ಜಮೆ. ಕಳಿಸಿದವರ ಹೆಸರು ಸಾಲಿನಲ್ಲೇ ಅಚ್ಚಾಗಿತ್ತು. ನಾದಿನಿಯ ಮಗನ ಹೆಸರು.

ಸಾಲ ಕೊಟ್ಟವರು ತಮ್ಮ ಬಲವೆಂದು ತೋರಿಸಿದ ಮೂರು ಕಂತುಗಳೇ ಅವರ ವಾದವನ್ನು ಕೆಡವಿದವು. ಸ್ಟೇಟ್‌ಮೆಂಟು ತನಿಖೆಯವರ ಕೈ ಸೇರಿತು. ಸಿಇಎನ್ ಠಾಣೆಯಿಂದ ದಾಖಲೆ ಕೇಳಿ ನೋಟಿಸ್ ಹೋಯಿತು. ನಾವು ಇತ್ತ ತಿರಸ್ಕಾರ ಪತ್ರ, ಸ್ಟೇಟ್‌ಮೆಂಟ್, ಗಂಡನ ಮರಣ ಪ್ರಮಾಣಪತ್ರ, ಸಿಮ್ ಅವರ ಹೆಸರಿನದೆಂಬ ದಾಖಲೆ ಇಟ್ಟು ಗ್ರಾಹಕರ ದೂರು ಬಗೆಹರಿಸುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಅವರ ಸಿಎಂಎಸ್ ಎಂಬ ದೂರಿನ ಪೋರ್ಟಲ್‌ನಲ್ಲಿ ದೂರು ಹಾಕಿದೆವು. ಓಂಬುಡ್ಸ್‌ಮನ್ ಆದೇಶ ಬರುವವರೆಗೂ ಹೋಗಲಿಲ್ಲ. ಸಂಸ್ಥೆ ತಾನಾಗಿಯೇ ಸಾಲವನ್ನು ವಂಚನೆಯದೆಂದು ಗುರುತಿಸಿ ಟೀಚರಿನ ಹೆಸರು ಕೈಬಿಟ್ಟಿರುವುದಾಗಿ ಪತ್ರ ಕಳಿಸಿತು. ನೋಟಿಸ್ ಹೆಚ್ಚು ಕೆಲಸ ಮಾಡಿತೋ ಓಂಬುಡ್ಸ್‌ಮನ್ ದೂರೋ ಎಂದು ಕೇಳಿದರೆ, ನೋಟಿಸ್ ಎನ್ನುತ್ತೇನೆ.

ಈ ಪ್ರಕರಣದಿಂದ ತಿಳಿದದ್ದು

ಸಾಮಾನ್ಯವಾಗಿ ಹೇಳುವ ರಕ್ಷಣೆಗಳಲ್ಲಿ ಯಾವುದು ಇಲ್ಲಿ ನಿಲ್ಲುತ್ತಿತ್ತು ಎಂದು ಒಂದೊಂದಾಗಿ ಇಟ್ಟು ನೋಡಿದೆ. ಆಧಾರಿನ ಬಯೋಮೆಟ್ರಿಕ್ ಲಾಕ್ ಮಾಡಿದ್ದರೆ? ಏನೂ ಆಗುತ್ತಿರಲಿಲ್ಲ. ಅದು ಬೆರಳಚ್ಚು, ಕಣ್ಣಿನ ಪಾಪೆ, ಮುಖಕ್ಕೆ ಹಾಕುವ ಬೀಗ. ಇಲ್ಲಿ ಬಾಗಿಲು ತೆರೆದದ್ದು ಓಟಿಪಿ. ಆಧಾರ್ ಸಂಖ್ಯೆಯನ್ನೇ ಲಾಕ್ ಮಾಡುವ ಇನ್ನೊಂದು ಸೌಲಭ್ಯವಿದೆ, ಅದಕ್ಕೆ ಆಧಾರ್ ಸಂಖ್ಯೆಯ ಬದಲಿಗೆ ಬಳಸುವ 16 ಅಂಕಿಯ ವಿಐಡಿ ಮೊದಲು ಮಾಡಿಟ್ಟುಕೊಂಡಿರಬೇಕು. ಅದನ್ನು ಹಾಕಿದರೆ ಆ ಸಂಖ್ಯೆ ಬಳಸಿ ಓಟಿಪಿ ದೃಢೀಕರಣವೂ ನಡೆಯುವುದಿಲ್ಲ. ಆದರೆ ಆ ಲಾಕ್ ತೆಗೆಯುವುದಕ್ಕೂ ಓಟಿಪಿಯೇ ಬೇಕು, ನಂಬರ್ ಇನ್ನೊಬ್ಬರ ಕೈಯಲ್ಲಿದ್ದರೆ ಆ ಬೀಗಕ್ಕೂ ಪೂರ್ತಿ ಭರವಸೆಯಿಲ್ಲ. ಸಂಚಾರ್ ಸಾಥಿ ಎಂಬ ಸರ್ಕಾರಿ ತಾಣದಲ್ಲಿ ನಮ್ಮ ಹೆಸರಿನ ಸಿಮ್‌ಗಳನ್ನು ನೋಡಬಹುದು ಎನ್ನುತ್ತಾರೆ, ಒಳ್ಳೆಯದೇ. ಇಲ್ಲಿ ಸಿಮ್ ಇದ್ದದ್ದು ಗಂಡನ ಹೆಸರಿನಲ್ಲಿ, ಹೆಂಡತಿಯ ಪಟ್ಟಿಯಲ್ಲಿ ಕಾಣುತ್ತಿರಲಿಲ್ಲ.

ಕೆಲಸಕ್ಕೆ ಬರುತ್ತಿದ್ದುದು ಎರಡೇ. ಗಂಡ ತೀರಿಕೊಂಡ ತಿಂಗಳಲ್ಲೇ ಆಧಾರಿನ ಮೊಬೈಲ್ ನಂಬರ್ ಬದಲಿಸಿಕೊಂಡಿದ್ದರೆ ಇದು ಶುರುವೇ ಆಗುತ್ತಿರಲಿಲ್ಲ. ಸಾವಿನ ನಂತರದ ಕೆಲಸಗಳಲ್ಲಿ ಪಿಂಚಣಿ, ವಿಮೆ, ಖಾತೆ ಬದಲಾವಣೆ ಎಲ್ಲ ನೆನಪಿರುತ್ತವೆ. ಸತ್ತವರ ಸಿಮ್‌ಗೆ ಇನ್ನೂ ಯಾರ ಯಾರ ಆಧಾರ್, ಯಾರ ಬ್ಯಾಂಕ್ ಖಾತೆ ಜೋತುಬಿದ್ದಿವೆ ಎಂಬ ಪಟ್ಟಿಯನ್ನು ಯಾರೂ ಮಾಡುವುದಿಲ್ಲ. ಆ ಸಿಮ್ ಬೇರೆಯವರ ವಶಕ್ಕೆ ಹೋಗದೆ ಸುಮ್ಮನೆ ಸ್ಥಗಿತವಾದರೂ ಅಪಾಯವೇ, ಕೆಲ ಕಾಲದ ನಂತರ ಕಂಪನಿ ಆ ನಂಬರನ್ನು ಹೊಸ ಗ್ರಾಹಕರಿಗೆ ಕೊಡುತ್ತದೆ.

ಎರಡನೆಯದು ವರ್ಷಕ್ಕೊಮ್ಮೆ ವರದಿ ನೋಡುವುದು. ನಾಲ್ಕು ಸಂಸ್ಥೆಗಳಿರುವುದರಿಂದ ಮೂರು ತಿಂಗಳಿಗೊಂದರಂತೆ ತೆಗೆದರೆ ವರ್ಷವಿಡೀ ಕಣ್ಣಿಟ್ಟಂತಾಗುತ್ತದೆ, ಖರ್ಚಿಲ್ಲ. ಟೀಚರ್ ತಡವಾಗಿ ನೋಡಿದ್ದರಿಂದ ಒಂದು ಒಳ್ಳೆಯ ಸಾಕ್ಷ್ಯ ಕೈತಪ್ಪಿತು. ಆಧಾರ್ ಎಲ್ಲೆಲ್ಲಿ ಬಳಕೆಯಾಯಿತು ಎಂಬ ಇತಿಹಾಸ ಆಧಾರ್ ಕೊಡುವ ಯುಐಡಿಎಐ ಪ್ರಾಧಿಕಾರದ ತಾಣದಲ್ಲಿ ಸಿಗುತ್ತದೆ, ಆದರೆ ಹಿಂದಿನ ಆರು ತಿಂಗಳದ್ದು ಮಾತ್ರ. ನಾವು ಹೋಗುವಷ್ಟರಲ್ಲಿ ಬೇಕಾದ ದಿನಾಂಕ ಅದರಾಚೆ ಸರಿದಿತ್ತು.

ಮನೆಯವರೇ ಮಾಡಿದ ಮೋಸದಲ್ಲಿ ಜನ ಸಾಮಾನ್ಯವಾಗಿ ಎರಡು ದಾರಿ ಮಾತ್ರ ನೋಡುತ್ತಾರೆ: ನುಂಗಿಕೊಂಡು ಕಟ್ಟಿಬಿಡುವುದು, ಇಲ್ಲವೇ ಜಗಳ. ಟೀಚರ್ ಹಿಡಿದದ್ದು ಅವೆರಡರ ನಡುವಿನದು. ಗೊತ್ತಿದ್ದಷ್ಟನ್ನು ಬರೆದರು, ಕಾಗದ ಕೇಳಿದರು, ಕಾಗದ ಹೇಳಿದ್ದನ್ನು ಮುಚ್ಚಿಡಲಿಲ್ಲ. ನಾದಿನಿಯ ಜೊತೆ ಮಾತು ನಿಂತಿದೆ. ಹುಡುಗನಿಗೆ ಜಾಮೀನು ಸಿಕ್ಕಿದೆ, ಪ್ರಕರಣ ನ್ಯಾಯಾಲಯದಲ್ಲಿದೆ, ರಾಜಿಯ ಮಾತು ಎರಡೂ ಕಡೆಯ ವಕೀಲರ ನಡುವೆ ನಡೆಯುತ್ತಿದೆ. ಅದರಲ್ಲಿ ನನ್ನ ಪಾತ್ರವಿಲ್ಲ.

ವರದಿಯ ಕೆಲಸವೂ ಪೂರ್ತಿ ಮುಗಿದಿಲ್ಲ. ತಿದ್ದುಪಡಿ ಮೂರು ಸಂಸ್ಥೆಗಳ ವರದಿಯಲ್ಲಿ ಬಂದರೂ ಒಂದರಲ್ಲಿ ಆ್ಯಪ್ ಸಾಲ ಹಾಗೆಯೇ ಇತ್ತು; ಸಾಲ ಕೊಟ್ಟವರ ಪತ್ರ ಲಗತ್ತಿಸಿ ಮತ್ತೆ ತಕರಾರು ಹಾಕಿ ತೆಗೆಸಬೇಕಾಯಿತು. ಸಾಲ ಕೊಡದೆ ಬರೀ ವಿಚಾರಣೆ ಮಾಡಿ ಹೋದ ಆ್ಯಪ್‌ಗಳ ಗುರುತುಗಳು ಇನ್ನೂ ಕೆಲವು ಉಳಿದಿವೆ. ಮಾಹಿತಿ ಸಂಸ್ಥೆಗಳು ತಾವಾಗಿಯೇ ಏನನ್ನೂ ಅಳಿಸುವುದಿಲ್ಲ, ಕಳಿಸಿದವರು ಒಪ್ಪಬೇಕು. ಹಾಗಾಗಿ ಆ ಒಂದೊಂದು ಕಂಪನಿಗೂ ಬೇರೆ ಬೇರೆ ಪತ್ರ ಹೋಗಿದೆ. ಎರಡಕ್ಕೆ ಉತ್ತರ ಬಂದಿದೆ, ಉಳಿದವು ಬರಬೇಕು.